ಹನುಮಪ್ಪನ ಜನನ ಪ್ರಮಾಣಪತ್ರ

ಹುಟ್ಟಿ ವರ್ಷ ದಾಟಿದ ಕೂಸಿಗೆ ಜನನ ಪ್ರಮಾಣಪತ್ರ ಮಾಡಿಸಿ ನೋಡಿದವರಿಗೆ ಗೊತ್ತು, ಅದು ಹೆರಿಗೆಗಿಂತ ಕಷ್ಟದ ಕೆಲಸ. ಅಫಿಡವಿಟ್ ಬೇಕು, ಸಾಕ್ಷಿ ಬೇಕು, ಮ್ಯಾಜಿಸ್ಟ್ರೇಟರ ಆದೇಶ ಬೇಕು, ತಡ ಮಾಡಿದ್ದಕ್ಕೆ ದಂಡವೂ ಬೇಕು. ಒಂದು ವರ್ಷ ತಡವಾದದ್ದಕ್ಕೇ ಇಷ್ಟು. ತ್ರೇತಾಯುಗದಲ್ಲಿ ಹುಟ್ಟಿ ಕಲಿಯುಗದಲ್ಲಿ ಅರ್ಜಿ ಹಾಕಿಸಿಕೊಂಡ ಹನುಮಪ್ಪನ ಫೈಲು ಯಾವ ಗುಮಾಸ್ತನ ಮೇಜಿನ ಮೇಲೆ ಕೂತೀತು? ಸಾಕ್ಷಿಗೆ ಜಾಂಬವಂತ ಇದ್ದಾನೆ. ಸಮುದ್ರದ ದಂಡೆಯ ಮೇಲೆ ಹನುಮಂತನಿಗೆ ಅವನ ಹುಟ್ಟಿನ ಕಥೆಯನ್ನು ಒಪ್ಪಿಸಿದವನೇ ಅವನು. ಆದರೆ ಅವನ ಹತ್ತಿರ ಆಧಾರ್ ಇಲ್ಲ.

ಹುಟ್ಟಿದ ತಾರೀಖಿನ ಕಾಲಮ್ಮನ್ನೇ ನೋಡಿ. ಉತ್ತರದವರು ಚೈತ್ರದ ಹುಣ್ಣಿಮೆ ಎನ್ನುತ್ತಾರೆ. ತೆಲುಗಿನವರು ವೈಶಾಖ ಬಹುಳ ದಶಮಿ ಎನ್ನುತ್ತಾರೆ. ತಮಿಳರಿಗೆ ಮಾರ್ಗಳಿಯ ಮೂಲಾ ನಕ್ಷತ್ರ. ನಾವು ಕನ್ನಡದವರು ಮಾರ್ಗಶಿರ ಶುದ್ಧ ತ್ರಯೋದಶಿಗೆ ಹನುಮದ್‌ವ್ರತ ಮಾಡಿ ಕೋಸಂಬರಿ ಹಂಚುತ್ತೇವೆ. ಈ ನಾಲ್ಕು ತಾರೀಖುಗಳು ಇಷ್ಟು ಶತಮಾನ ಅಕ್ಕಪಕ್ಕದಲ್ಲೇ ಬಾಳಿವೆ. ಚೈತ್ರದವನು ಮಾರ್ಗಶಿರದವನ ಮೇಲೆ ಕೇಸು ಹಾಕಿದ್ದಿಲ್ಲ. ಜಗಳ ಹತ್ತಿಕೊಂಡದ್ದು ಹುಟ್ಟಿದ ಸ್ಥಳದ ಕಾಲಮ್ಮಿಗೆ ಬಂದಾಗ. ಕಾರಣ ಸರಳ. ತಾರೀಖಿನ ಮುಂದೆ ಹುಂಡಿ ಇಡಲು ಬರುವುದಿಲ್ಲ, ಸ್ಥಳದ ಮುಂದೆ ಇಡಬಹುದು.

2020ರ ನವೆಂಬರಿನಲ್ಲಿ ಕಿಷ್ಕಿಂಧೆಯ ಹನುಮದ್ ಜನ್ಮಭೂಮಿ ತೀರ್ಥಕ್ಷೇತ್ರ ಟ್ರಸ್ಟಿನವರು 215 ಮೀಟರ್ ಎತ್ತರದ ಹನುಮನ ಮೂರ್ತಿ ನಿಲ್ಲಿಸುತ್ತೇವೆ, 1,200 ಕೋಟಿ ರೂಪಾಯಿ ಬೇಕು ಎಂದು ಸಾರಿದರು. ಡಿಸೆಂಬರಿನಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ಹನುಮಂತ ಎಲ್ಲಿ ಹುಟ್ಟಿದ ಎಂದು ಪತ್ತೆ ಹಚ್ಚಲು ಪಂಡಿತರ ಸಮಿತಿ ಮಾಡಿದರು. ನವೆಂಬರ್ ಆದ ಮೇಲೆ ಡಿಸೆಂಬರ್ ಬರುವುದು ಪಂಚಾಂಗದ ನಿಯಮ, ಅದಕ್ಕಿಂತ ಹೆಚ್ಚಿಗೆ ನಾನೇನೂ ಹೇಳುತ್ತಿಲ್ಲ. ಸಮಿತಿಯಲ್ಲಿ ಸಂಸ್ಕೃತ ವಿದ್ವಾಂಸರಿದ್ದರು, ಪುರಾತತ್ವದವರಿದ್ದರು, ಇಸ್ರೋದ ವಿಜ್ಞಾನಿಯೂ ಇದ್ದರು. ಸಮುದ್ರ ಹಾರಿದವನ ವಿಷಯಕ್ಕೆ ರಾಕೆಟ್ಟಿನವರು ಬೇಕೇ ಬೇಕಲ್ಲ. 2021ರ ಏಪ್ರಿಲ್ 21, ರಾಮನವಮಿಯ ದಿನ ವರದಿ ಹೊರಬಿತ್ತು. ಪೌರಾಣಿಕ, ವಾಙ್ಮಯ, ಶಾಸನ, ಭೌಗೋಳಿಕ ಎಂದು ನಾಲ್ಕು ಬಗೆಯ ಆಧಾರಗಳಿಂದ ಹನುಮಂತ ಹುಟ್ಟಿದ್ದು ತಿರುಮಲೆಯ ಅಂಜನಾದ್ರಿಯಲ್ಲೇ ಎಂದು ಸಿದ್ಧವಾಯಿತು. ತಿರುಪತಿಯಲ್ಲಿ ಕೂತ ಸಮಿತಿ, ತಿರುಪತಿಯ ಖರ್ಚಿನಲ್ಲಿ, ತಿರುಪತಿಯ ಪರವಾಗಿಯೇ ವರದಿ ಕೊಟ್ಟಿತೆಂದು ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮಲ್ಲಿ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರಿದ್ದಾರೆ. ಇಲ್ಲಿ ಕುಲಾವಿಯ ಅಳತೆಗೆ ಕೂಸನ್ನು ಹುಡುಕಿದ್ದರು.

ಆಧಾರಗಳು ಸುಳ್ಳೆಂದಲ್ಲ. ವೇಂಕಟಾಚಲ ಮಾಹಾತ್ಮ್ಯದಲ್ಲಿ ಆ ಬೆಟ್ಟಕ್ಕೆ ಯುಗಕ್ಕೊಂದು ಹೆಸರು: ಕೃತಯುಗದಲ್ಲಿ ವೃಷಭಾದ್ರಿ, ತ್ರೇತೆಯಲ್ಲಿ ಅಂಜನಾದ್ರಿ, ದ್ವಾಪರದಲ್ಲಿ ಶೇಷಾದ್ರಿ, ಕಲಿಯುಗದಲ್ಲಿ ವೇಂಕಟಾದ್ರಿ. ಪುಸ್ತಕದಲ್ಲಿ ಇರುವುದು ನಿಜ. ಅದು ತಿರುಮಲೆಯ ಮಹಿಮೆ ಹೇಳಲಿಕ್ಕೆಂದೇ ಹುಟ್ಟಿದ ಪುಸ್ತಕ ಎಂಬುದೂ ನಿಜ. ಮದುಮಗನ ಗುಣ ಹೇಗೆ ಎಂದು ಅವನ ಸೋದರಮಾವನನ್ನು ಕೇಳಿದರೆ ಸಿಗುವ ಉತ್ತರ ಅದು.

ಇತ್ತ ತುಂಗಭದ್ರೆಯ ದಂಡೆಯಲ್ಲಿ, ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಪಕ್ಕ, 575 ಮೆಟ್ಟಿಲು ಹತ್ತಿ ಏದುಸಿರು ಬಿಡುವ ಭಕ್ತರಿಗೆ ಇದು ಹೇಗೆ ಸಹಿಸೀತು? ವಾಲಿ ಸುಗ್ರೀವರ ಕಿಷ್ಕಿಂಧೆ ಇಲ್ಲಿ, ಪಂಪಾ ಸರೋವರ ಇಲ್ಲಿ, ಶಬರಿ ಕಾದದ್ದು ಇಲ್ಲಿ, ಮಗು ಹುಟ್ಟಿದ್ದು ಮಾತ್ರ ಆಗಿನ ಚಿತ್ತೂರು ಜಿಲ್ಲೆಯಲ್ಲೇ? ಬಾಣಂತನಕ್ಕೆ ತವರಿಗೆ ಹೋಗಿರಬಹುದು ಎಂದು ಯಾರೂ ವಾದಿಸಿದಂತಿಲ್ಲ, ವಾದಿಸಬಹುದಿತ್ತು. ಟ್ರಸ್ಟಿನ ಗೋವಿಂದಾನಂದ ಸರಸ್ವತಿ ಸ್ವಾಮೀಜಿ ತಿರುಪತಿಗೇ ಹೋದರು. 2021ರ ಮೇ 27ರಂದು ಅಲ್ಲಿನ ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ವಾದ ಮಾಡಿದರು. ಶ್ಲೋಕಕ್ಕೆ ಶ್ಲೋಕ, ಕಲ್ಪಕ್ಕೆ ಕಲ್ಪ. ಸಂಜೆಗೆ ಫಲಿತಾಂಶ ಬಂತು: ಇಬ್ಬರೂ ಗೆದ್ದರು. ಒಲಿಂಪಿಕ್ಸಿನಲ್ಲಿ ಬಂಗಾರದ ಪದಕ ಹಂಚಿಕೊಳ್ಳಬಹುದಂತೆ, ಆದರೆ ಸೋತವನೇ ಇಲ್ಲದ ಕುಸ್ತಿಯನ್ನು ಕಂಡದ್ದು ಅದೇ ಮೊದಲು.

ಇಬ್ಬರೂ ವಾಲ್ಮೀಕಿಯನ್ನು ಬಗಲಲ್ಲಿಟ್ಟುಕೊಂಡೇ ಬಂದಿದ್ದರು. ಪಾಪ, ವಾಲ್ಮೀಕಿ ಯಾರ ಕೈಗೂ ಸಿಗುವುದಿಲ್ಲ. ಕಿಷ್ಕಿಂಧಾಕಾಂಡದಲ್ಲಿ ಜಾಂಬವಂತ ಹೇಳುವ ಕಥೆಯಲ್ಲಿ ಅಂಜನೆ ಒಂದು ಬೆಟ್ಟದ ನೆತ್ತಿಯ ಮೇಲೆ ಅಡ್ಡಾಡುತ್ತಾಳೆ. ಯಾವ ಬೆಟ್ಟ ಎಂದು ಸರ್ವೆ ನಂಬರ್ ಕೊಟ್ಟಿಲ್ಲ. ಸುಂದರಕಾಂಡದಲ್ಲಿ ಸೀತೆಯ ಮುಂದೆ ಹನುಮಂತನೇ ಮಾತಾಡುತ್ತಾ ತನ್ನ ತಂದೆ ಕೇಸರಿ ಮಾಲ್ಯವಂತದಿಂದ ಗೋಕರ್ಣಕ್ಕೆ ಹೋದದ್ದನ್ನು ಹೇಳುತ್ತಾನೆ. ಉತ್ತರಕಾಂಡಕ್ಕೆ ಬಂದರೆ ಕೇಸರಿಯ ರಾಜ್ಯ ಸುಮೇರುವಿನಲ್ಲಿದೆ. ರಾಮಚಂದ್ರಾಪುರ ಮಠದ ರಾಘವೇಶ್ವರ ಭಾರತೀ ಸ್ವಾಮೀಜಿ ಸುಂದರಕಾಂಡದ ಮಾತನ್ನೇ ಹಿಡಿದು, ಜನ್ಮಭೂಮಿ ಗೋಕರ್ಣ, ಕಿಷ್ಕಿಂಧೆಯ ಅಂಜನಾದ್ರಿ ಕರ್ಮಭೂಮಿ ಎಂದರು. ಹೀಗೆ ಕರ್ನಾಟಕದೊಳಗೇ ಎರಡಾಯಿತು. ನಾಸಿಕದ ಹತ್ತಿರ ತ್ರ್ಯಂಬಕೇಶ್ವರದ ದಾರಿಯಲ್ಲಿ ಅಂಜನೇರಿ ಬೆಟ್ಟವಿದೆ, ಅವರದು ಒಂದು. ಜಾರ್ಖಂಡಿನ ಗುಮ್ಲಾ ಜಿಲ್ಲೆಯಲ್ಲಿ ಆಂಜನ್ ಎಂಬ ಹಳ್ಳಿಯಿದೆ, ಅವರದು ಇನ್ನೊಂದು. ಜನ್ಮಸ್ಥಳದ ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೆಯಿತು. ಅದರ ತುದಿಗೆ ಬೆಂಕಿ ಹಚ್ಚುವ ಕೆಲಸವೊಂದು ಬಾಕಿಯಿತ್ತು, ಅದೂ ಆಯಿತು.

2022ರ ಮೇ 31ರಂದು ನಾಸಿಕದಲ್ಲಿ ಇದೇ ವಿಷಯಕ್ಕೆ ಧರ್ಮಸಭೆ ಕೂಡಿತ್ತು. ಶಾಸ್ತ್ರ ಬಿಚ್ಚುವ ಮೊದಲೇ ಆಸನದ ಪ್ರಶ್ನೆ ಬಂತು. ಕಿಷ್ಕಿಂಧೆಯಿಂದ ಹೋದ ಸ್ವಾಮೀಜಿ ಮೇಲೆ ಕೂತಿದ್ದಾರೆ, ನಾವೇಕೆ ಕೆಳಗೆ ಕೂರಬೇಕು ಎಂದು ಅಲ್ಲಿನ ಮಹಂತರು ಸಿಟ್ಟಾದರು. ಮಾತಿಗೆ ಮಾತು ಬೆಳೆದು ಒಬ್ಬ ಮಹಂತರು ಎದುರಿದ್ದ ಮೈಕನ್ನೇ ಎತ್ತಿದರು, ಮಾತಾಡಲಿಕ್ಕಲ್ಲ. ಪೊಲೀಸರು ನಡುವೆ ಬಂದರು. ಆ ದಿನದ ಸಭೆಯಲ್ಲಿ ಹನುಮಂತ ಹುಟ್ಟಿದ ಜಾಗ ನಿರ್ಣಯವಾಗಲಿಲ್ಲ. ಬಾಲವನ್ನೇ ಸುರುಳಿ ಸುತ್ತಿ ರಾವಣನಿಗಿಂತ ಎತ್ತರಕ್ಕೆ ಕೂತ ಹನುಮಂತನ ಕಥೆಯನ್ನು ಹರಿಕಥೆಗಳಲ್ಲಿ ಕೇಳಿ ಬೆಳೆದ ನಮಗೆ, ಭಕ್ತರಿಗೆ ಆ ವಿದ್ಯೆಯಷ್ಟೇ ಚೆನ್ನಾಗಿ ಹತ್ತಿದ್ದು ಕಂಡಿತು.

ಬಳ್ಳಾರಿ ಕಡೆಯ ನಮ್ಮೂರು ಹಚ್ಚೊಳ್ಳಿ ಈ ಯುದ್ಧದಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ದೊಡ್ಡ ಪೇಚು. ಹೊಳೆಯ ಮೇಲಕ್ಕೆ ಹೋದರೆ ಆನೆಗೊಂದಿ, ಕೆಳಕ್ಕೆ ಹೋದರೆ ಮಂತ್ರಾಲಯ, ಆಂಧ್ರದ ಗಡಿ ಮಗ್ಗುಲಲ್ಲೇ. ಅರ್ಧ ಊರಿನ ಬೀಗರು ಆ ಕಡೆಯವರು. ಮಗುವಿನ ಮುಡಿ ಕೊಡುವುದು ತಿರುಪತಿಗೆ, ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿ ಇಳಿಸುವುದು ಅಂಜನಾದ್ರಿಯಲ್ಲಿ. ಯಾರ ಪರ ವಹಿಸಿದರೂ ಒಂದು ಕಡೆ ಬಸ್ಸು ತಪ್ಪುತ್ತದೆ. ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ ಮುಂದಿಟ್ಟುಕೊಂಡು ಪೇಪರ್ ಓದುತ್ತಿದ್ದ ಹುಡುಗನೊಬ್ಬ ಪಕ್ಕದ ಹಿರಿಯರನ್ನು ಕೇಳಿದ:

"ಮಾವಾ, ಹನುಮಪ್ಪ ಖರೇ ಎಲ್ಲಿ ಹುಟ್ಯಾನ? ಇವರೊಂದು ಅಂತಾರ, ಅವರೊಂದು ಅಂತಾರ."

"ಲೇ ಅಳಿಯಾ, ನನ್ನ ಆಧಾರ್ ಕಾರ್ಡಿನಾಗ ಹುಟ್ಟಿದ ತಾರೀಖು ಜನವರಿ ಒಂದು ಅಂತ ಬರದಾರ. ನಮ್ಮವ್ವ ಕಾರಹುಣ್ಣಿವಿ ಹಿಂದ-ಮುಂದ ಅಂತಿದ್ಲು. ನಂದ ಇನ್ನಾ ಬಗೀಹರಿದಿಲ್ಲ, ಹನುಮಪ್ಪಂದು ಕೇಳಾಕ ಬಂದಿ. ಬಜ್ಜಿ ಆರತಾವ, ತಿನ್ನು."

ಸಮಿತಿಯಲ್ಲಿ ಈ ಮಾವನಿಗೂ ಒಂದು ಕುರ್ಚಿ ಹಾಕಬೇಕಿತ್ತು. ಎತ್ತರದ್ದಲ್ಲ.

ಹಾಗೆ ನೋಡಿದರೆ ಹಚ್ಚೊಳ್ಳಿಯೇ ಯಾಕೆ ಸುಮ್ಮನಿರಬೇಕು? ಅದೇ ನಾಲ್ಕು ಬಗೆಯ ಆಧಾರಗಳನ್ನು ನಾವೂ ಒದಗಿಸಬಲ್ಲೆವು. ಪೌರಾಣಿಕ: ಹನುಮಂತ ಹಚ್ಚೊಳ್ಳಿಯಲ್ಲಿ ಹುಟ್ಟಲಿಲ್ಲ ಎಂದು ಹದಿನೆಂಟು ಪುರಾಣಗಳಲ್ಲಿ ಒಂದೂ ಹೇಳಿಲ್ಲ. ವಾಙ್ಮಯ: ನಮ್ಮ ಸೀಮೆಯ ಭಜನಿ ಪದಗಳಲ್ಲಿ ಹನುಮಪ್ಪ ಬಾರದ ಶನಿವಾರ ಯಾವುದು? ಶಾಸನ: ಯಾವ ಊರಿಗೆ ಹೋದರೂ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸವೆದ ನಾಲ್ಕು ಅಕ್ಷರ ಇದ್ದೇ ಇರುತ್ತವೆ; ಓದಲಾಗದ ಶಾಸನಕ್ಕಿಂತ ಗಟ್ಟಿ ಶಾಸನವಿಲ್ಲ, ಅದನ್ನು ಯಾರೂ ಅಲ್ಲಗಳೆಯಲಾರರು. ಭೌಗೋಳಿಕದಲ್ಲಿ ಮಾತ್ರ ಸ್ವಲ್ಪ ತೊಡಕು. ಸುತ್ತ ನೆಲ್ಲಿನ ಗದ್ದೆ, ಎರೆಹೊಲ, ಬೆಟ್ಟವೊಂದು ಕಡಿಮೆ. ತೆಕ್ಕಲಕೋಟೆಯಿಂದ ಎರವಲು ತರಬಹುದು. ಸಂಜೀವಿನಿ ಪರ್ವತವನ್ನೇ ಹೊತ್ತು ತಂದವನ ಹುಟ್ಟೂರಿಗೆ ಒಂದು ಗುಡ್ಡ ಎರವಲು ಸಿಗಲಿಲ್ಲವೆಂದರೆ ನಾಚಿಕೆಗೇಡು. ಮೂರ್ತಿಯ ಎತ್ತರ ಎಷ್ಟೆಂಬುದನ್ನು ಅನುದಾನ ಬಂದಮೇಲೆ ನಿರ್ಧರಿಸೋಣ.

ಅನುದಾನದ ಮಾತು ಹುಡುಗಾಟಕ್ಕೆ ಅಂದದ್ದಲ್ಲ. 2022ರ ರಾಜ್ಯ ಬಜೆಟ್ಟಿನಲ್ಲಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ತಿರುಮಲೆಯ ಆಕಾಶಗಂಗೆಯ ಬಳಿ ಜನ್ಮಸ್ಥಳದ ಭೂಮಿಪೂಜೆ ಆಗಿತ್ತು. 2023ರ ಮೇ 2ರಂದು ಪ್ರಧಾನಿ ಹೊಸಪೇಟೆಗೆ ಬಂದು ಹನುಮನ ನಾಡಿನಲ್ಲಿ ನಿಂತು ಮತ ಕೇಳಿದರು. ಎದುರು ಪಕ್ಷದವರು ಆಂಜನೇಯನ ಗುಡಿ ಕಟ್ಟಿಸುತ್ತೇವೆ ಎಂದರು. ಹನುಮಪ್ಪ ಹಗ್ಗ ಕಡಿದು ತಿನ್ನುವಾಗ ಪೂಜಾರಿ ಶಾವಿಗೆ ಬೇಡಿದ ಎಂಬ ಗಾದೆ ಹಳತಾಯಿತು. ಈಗ ಪೂಜಾರಿ, ಸಚಿವ, ಟ್ರಸ್ಟಿ ಎಲ್ಲರಿಗೂ ಶಾವಿಗೆ ಪಾಯಸ ಸಿಕ್ಕಿದೆ, ಹಗ್ಗ ಇತಿಹಾಸದ ಮೇಷ್ಟ್ರ ಪಾಲಿಗೆ.

ಆ ಮೇಷ್ಟ್ರನ್ನೂ ಸುಮ್ಮನೆ ಬಿಡುವಂತಿಲ್ಲ. ನಮ್ಮ ನಡುವೆ ವಿಚಾರವಂತರ ಒಂದು ಪಂಗಡವಿದೆ. ಇಂಗಾಲದ ಕಾಲಮಾಪನ ತೋರಿಸಿದರೆ ಸಾಕು, ಭಕ್ತ ಅರ್ಧ ಮೆಟ್ಟಿಲಿನಿಂದ ವಾಪಸ್ ಇಳಿದು ಮನೆಗೆ ಹೋಗಿ ರೊಮಿಲಾ ಥಾಪರ್ ಓದುತ್ತಾನೆ ಎಂಬುದು ಅವರ ನಂಬಿಕೆ. ಇದೂ ನಂಬಿಕೆಯೇ, ಮತ್ತು ಇದಕ್ಕೆ ಯಾವ ಪುರಾವೆಯೂ ಈವರೆಗೆ ಸಿಕ್ಕಿಲ್ಲ. ಇತಿಹಾಸಕಾರರನ್ನೇ ಕೇಳಿದರೆ ಗೊಂದಲ ಕಡಿಮೆಯಾಗುತ್ತದೆ ಎನ್ನುವುದೂ ಅನುಮಾನ. ಪುರಾತತ್ವದ ದಿಗ್ಗಜ ಎಚ್.ಡಿ. ಸಾಂಕಳಿಯಾ 1973ರಲ್ಲಿ ರಾಮಾಯಣದ ಮೇಲೆ ಪುಸ್ತಕ ಬರೆದು, ಲಂಕೆ ಇದ್ದದ್ದು ಮಧ್ಯಭಾರತದಲ್ಲಿ ಎಂದುಬಿಟ್ಟರು. ಅವರ ಮಾತು ಹಿಡಿದರೆ ಆನೆಗೊಂದಿಯೂ ಹೋಯಿತು, ತಿರುಮಲೆಯೂ ಹೋಯಿತು, ಸಮುದ್ರವೂ ಒಂದು ದೊಡ್ಡ ಕೆರೆಯಾಯಿತು. ಜಗಳ ಬಿಡಿಸಲು ಬಂದವರು ಇನ್ನೊಂದು ಪಾಲು ಕೇಳಿದ ಹಾಗೆ.

ಇತಿಹಾಸಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಬಳ್ಳಾರಿಯಿಂದ ಹೊಸಪೇಟೆ ದಾರಿಯಲ್ಲಿ ಕುಡತಿನಿ ಇದೆ. ಅಲ್ಲೊಂದು ಬೂದಿಗುಡ್ಡ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅದು ಎಂದು ಸುತ್ತಲಿನವರು ಹೇಳಿಕೊಂಡು ಬಂದಿದ್ದಾರೆ. ಹಂಪಿಯ ಪಕ್ಕ ನಿಂಬಾಪುರದಲ್ಲಿಯೂ ಅಂಥದ್ದೇ ದಿಬ್ಬವಿದೆ. ಅದು ವಾಲಿಯ ಚಿತಾಭಸ್ಮ. ಆ ಗುಡ್ಡದ ಒಂದು ಹೆಂಟೆಯನ್ನು ಕೈಗೆತ್ತಿಕೊಂಡರೆ ಕಲ್ಲಿನಂತೆ ಕಾಣುತ್ತದೆ, ತೂಕ ಮಾತ್ರ ಕಲ್ಲಿನದಲ್ಲ. ಮುರಿದರೆ ಒಳಗೆಲ್ಲ ತೂತು ತೂತು, ಅಲ್ಲಲ್ಲಿ ಗಾಜಿನಂತೆ ಕರಗಿ ಮಿನುಗುವ ಹಸಿರು ಬೂದು ಬಣ್ಣ. ಎಷ್ಟು ಉರಿ ಹೊತ್ತಿದ್ದರೆ ಬೂದಿ ಹೀಗೆ ಕರಗಿ ಗಡ್ಡೆ ಕಟ್ಟೀತು! ರಾಕ್ಷಸನಲ್ಲದೆ ಇನ್ನೇನು ಸುಟ್ಟೀತು ಎಂದು ನಮ್ಮ ಹಿರಿಯರಿಗೆ ಅನಿಸಿದ್ದರಲ್ಲಿ ತಪ್ಪೇನಿದೆ?

ಬ್ರಿಟಿಷರ ಕಾಲದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಇವನ್ನು ನೋಡಿ ಬರೆದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಹೊಸ ಶಿಲಾಯುಗದವರ ದನದ ಸಗಣಿ ಸುಟ್ಟ ಬೂದಿ ಎಂದ. ಬಳ್ಳಾರಿಯಲ್ಲಿ ಅಧಿಕಾರ ಮಾಡಿ ಮುಂದೆ ವಿಜಯನಗರದ ಇತಿಹಾಸ ಬರೆದು ಹೆಸರಾದ ರಾಬರ್ಟ್ ಸೀವೆಲ್‌ಗೆ ಅದು ರುಚಿಸಲಿಲ್ಲ. 1899ರಲ್ಲಿ ಅವನು ವಿಜಯನಗರದ ಕಾಲದ ಸಾಮೂಹಿಕ ಸಹಗಮನದ ಕಡೆ ಬೆರಳು ತೋರಿಸಿದ. ಕೊನೆಗೆ ಪುರಾತತ್ವಜ್ಞ ಆಲ್ಚಿನ್ ಉತ್ನೂರಿನ ಬೂದಿಗುಡ್ಡವನ್ನು ಅಗೆದು, 1963ರ ತನ್ನ ಪುಸ್ತಕದಲ್ಲಿ ಫೂಟ್ ಹೇಳಿದ್ದೇ ಸರಿ ಎಂದು ಗಟ್ಟಿ ಮಾಡಿದ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿದವರು ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. ನಮ್ಮ ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾಯರು ಅಗೆದಾಗ ಸಿಕ್ಕ ಗುಡಿಸಲುಗಳೂ ಆ ಕಾಲದವರ ಬದುಕಿನವೇ.

ಇದು ಇತಿಹಾಸದ ನಿಜವಾದ ಗೆಲುವು. ಪ್ರಶ್ನೆ ಇತ್ತು, ಪುರಾವೆ ಸಿಕ್ಕಿತು, ತಪ್ಪಿದ ಪಂಡಿತನ ಮಾತು ಬಿದ್ದುಹೋಯಿತು. ಆದರೂ ನಿಂಬಾಪುರದಲ್ಲಿ ವಾಲಿ ಇನ್ನೂ ಬೂದಿಯಾಗಿಯೇ ಮಲಗಿದ್ದಾನೆ, ಸೀವೆಲ್ಲನ ವಾದವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಮಜಾ ಏನೆಂದರೆ ಇದಕ್ಕಾಗಿ ಒಂದೇ ಒಂದು ಧರಣಿ ನಡೆಯಲಿಲ್ಲ. ವಾಲಿಯ ಭಸ್ಮವನ್ನು ಸಗಣಿ ಎಂದದ್ದಕ್ಕೆ ಭಾವನೆಗೆ ಧಕ್ಕೆಯಾಯಿತೆಂದು ಯಾವ ಸೇನೆಯೂ ಠಾಣೆಗೆ ಹೋಗಲಿಲ್ಲ. ಅಲ್ಲಿ ಹುಂಡಿ ಇಲ್ಲ, ಲಡ್ಡು ಕೌಂಟರ್ ಇಲ್ಲ, ಯಾತ್ರಿನಿವಾಸದ ಟೆಂಡರ್ ಇಲ್ಲ. ಹೀಗಿರುವ ಕಡೆ ಇತಿಹಾಸ ಎಷ್ಟು ಬೇಕಾದರೂ ಸತ್ಯ ಹೇಳಬಹುದು, ಕೇಳುವವರಿಗೆ ತಕರಾರಿಲ್ಲ.

ಅಂಜನಾದ್ರಿಯ ವಿಷಯದಲ್ಲಿಯೂ ಇತಿಹಾಸ ಮೂಕನಲ್ಲ. ಹಂಪಿಯ ದೊಡ್ಡ ದೇವರು ಮೊದಲಿಗೆ ಪಂಪೆ ಮತ್ತು ವಿರೂಪಾಕ್ಷ. ರಾಮ ಇಲ್ಲಿ ರಾಜಮರ್ಯಾದೆ ಪಡೆದದ್ದು 15ನೇ ಶತಮಾನದ ಮೊದಲ ಭಾಗದಲ್ಲಿ, ಹಜಾರರಾಮ ಗುಡಿ ಎದ್ದಾಗ. ಆ ಗುಡಿಯನ್ನು ಮಾತಂಗ ಪರ್ವತದ ನೆತ್ತಿಗೆ ಉತ್ತರ ದಕ್ಷಿಣವಾಗಿ ನೇರ ಗೆರೆ ಎಳೆದಂತೆ ಕಟ್ಟಿದ್ದಾರೆ ಎಂದು ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿದ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಚೆಲ್ ತೋರಿಸಿದರು. ಮಾಲ್ಯವಂತ, ಅಂಜನಾದ್ರಿ ಎಲ್ಲವೂ ಆ ರಾಜಧಾನಿಯ ಲೆಕ್ಕಾಚಾರದೊಳಗೇ ಇದ್ದವು. ಮುಂದೆ ವ್ಯಾಸರಾಜರು 732 ಹನುಮರನ್ನು ಪ್ರತಿಷ್ಠೆ ಮಾಡಿದರೆಂಬ ಪ್ರತೀತಿ ಬಂತು. ಅಂದರೆ ಇಲ್ಲಿನ ಜನ, ಇಲ್ಲಿನ ಅರಸರು ಈ ಬೆಟ್ಟಗಳನ್ನು ಕಿಷ್ಕಿಂಧೆಯೆಂದು ಯಾವ ಕಾಲದಲ್ಲಿ, ಯಾವ ಅಕ್ಕರೆಯಿಂದ, ಯಾವ ರಾಜಕಾರಣದಿಂದ ನಂಬಿ ಬದುಕಿದರು ಎಂದು ಇತಿಹಾಸ ಚೆನ್ನಾಗಿ ಹೇಳಬಲ್ಲದು. ಜನ ಯಾವಾಗಿನಿಂದ ನಂಬಿದರು ಎಂಬುದು ಅದು ಉತ್ತರಿಸಬಲ್ಲ ಪ್ರಶ್ನೆ. ಹನುಮಂತ ಎಲ್ಲಿ ಹುಟ್ಟಿದ ಎಂಬುದು ಅಲ್ಲ. ಕೇಳುವವರಿಗೆ ಎರಡನೆಯದೇ ಬೇಕು, ಮೊದಲನೆಯದನ್ನು ಹೇಳಿದರೆ ಎರಡೂ ಬೆಟ್ಟದವರಿಗೆ ಸಿಟ್ಟು. ನಮ್ಮ ನಂಬಿಕೆಗೆ ಐದುನೂರು ಆರುನೂರು ವರ್ಷ ವಯಸ್ಸು ಎನ್ನುತ್ತೀರಾ ಎಂದು ಇವರು. ಅದನ್ನೇ ಪುರಾವೆ ಎನ್ನುತ್ತೀರಾ ಎಂದು ಅವರು.

ಸುಪ್ರೀಂ ಕೋರ್ಟಿಗೆ ಈ ಸೂಕ್ಷ್ಮ ಬಹಳ ಹಿಂದೆಯೇ ತಿಳಿದಿತ್ತು. ಅಯೋಧ್ಯೆಯಲ್ಲಿ ಮಸೀದಿಗೆ ಮೊದಲು ಆ ಜಾಗದಲ್ಲಿ ಗುಡಿ ಇತ್ತೇ ಎಂದು 1993ರಲ್ಲಿ ರಾಷ್ಟ್ರಪತಿಯವರ ಮೂಲಕ ಪ್ರಶ್ನೆ ಕಳಿಸಲಾಗಿತ್ತು. 1994ರಲ್ಲಿ ನ್ಯಾಯಮೂರ್ತಿಗಳು ಮರ್ಯಾದೆಯಿಂದ ಉತ್ತರಿಸಲು ಒಲ್ಲೆವೆಂದು ಹಿಂದಕ್ಕೆ ಕಳಿಸಿದರು. 2019ರ ನವೆಂಬರಿನಲ್ಲಿ ತೀರ್ಪು ಬಂದಾಗಲೂ ಜಾಗದ ಹಕ್ಕನ್ನು ನಂಬಿಕೆಯ ಮೇಲಾಗಲಿ ಅಗೆತದ ವರದಿಯೊಂದರ ಮೇಲಾಗಲಿ ಕೊಡಲಾಗದು ಎಂದೇ ಬರೆದರು. ಬರೆದು, ಕೊಡಬೇಕಾದವರಿಗೆ ಕೊಟ್ಟರು.

ನಮ್ಮ ರಾಜ್ಯಕ್ಕೂ ಈ ಗೀಳು ಹೊಸದಲ್ಲ. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ, ವೀರಶೈವ ಅದರ ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು 2017ರ ಡಿಸೆಂಬರಿನಲ್ಲಿ ನಾಗಮೋಹನದಾಸ್ ಸಮಿತಿಗೆ ಕೊಟ್ಟರು. 2018ರ ಮಾರ್ಚಿನಲ್ಲಿ ವರದಿ ಬಂತು, ಅದೇ ತಿಂಗಳು 19ಕ್ಕೆ ಸಂಪುಟ ಒಪ್ಪಿತು, ಮೇ ತಿಂಗಳಲ್ಲಿ ಚುನಾವಣೆ. ಎಂಟು ಶತಮಾನದ ವಾದ ಮೂರು ತಿಂಗಳೊಳಗೆ ಮುಗಿಯಿತು, ವಾದಿಗಳಿಗೆ ಮಾತ್ರ ಅದು ಮುಗಿದದ್ದು ಗೊತ್ತಾಗಲಿಲ್ಲ. ಸಮಿತಿಯಲ್ಲಿದ್ದವರು ಓದಿಕೊಂಡವರೇ. ವಚನ, ಶಾಸನ, ಗೆಜೆಟಿಯರ್ ಎಲ್ಲ ತಿರುವಿದ್ದಾರೆ. ಆದರೆ ಬಳ್ಳಾರಿ ಕಡೆಯ ಯಾವ ಮನೆಯಲ್ಲಾದರೂ ಆ ವರದಿ ಓದಿ ಅಣ್ಣ ತಮ್ಮನ ಕಡೆಗೆ, ತಮ್ಮ ಅಣ್ಣನ ಕಡೆಗೆ ವಾಲಿದ್ದನ್ನು ಕಂಡವರು ಕೈ ಎತ್ತಲಿ.

ಆನೆಗೊಂದಿಯ ನಡುಗಡ್ಡೆಯ ನವವೃಂದಾವನದ ಕಥೆ ಇನ್ನೂ ಸೊಗಸು. ಒಂದೇ ಮಧ್ವಮತ, ಒಂದೇ ಶಾಸ್ತ್ರ, ಒಂದೇ ತೀರ್ಥಪ್ರಸಾದ. ಆದರೂ ಒಂದು ವೃಂದಾವನದ ಒಳಗೆ ಇರುವವರು ಟೀಕಾಚಾರ್ಯ ಜಯತೀರ್ಥರೋ ರಘುವರ್ಯ ತೀರ್ಥರೋ ಎಂದು ಎರಡು ಮಠಗಳ ನಡುವೆ ತಕರಾರು. ಜಯತೀರ್ಥರು ಮಳಖೇಡದಲ್ಲಿದ್ದಾರೆ ಎಂದು ಉತ್ತರಾದಿ ಮಠ, ಇಲ್ಲೇ ಇದ್ದಾರೆ ಎಂದು ರಾಯರ ಮಠ. ಹಳೆಯ ಹಸ್ತಪ್ರತಿ, ಸ್ತೋತ್ರ, ಪರಂಪರೆ ಎಲ್ಲ ಎರಡೂ ಕಡೆ ರಾಶಿ ಬಿದ್ದಿವೆ. ಆರಾಧನೆಯ ಸರದಿ ಹಂಚುವ ಕೆಲಸ ಕೋರ್ಟಿನ ಪಾಲಾಗಿದೆ. ಹೀಗಿರಲು 2019ರ ಜುಲೈಯಲ್ಲಿ ಒಂದು ರಾತ್ರಿ ನಿಧಿಯ ಆಸೆಗೆ ಬಂದ ಕಳ್ಳರು ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರು. ಸುದ್ದಿ ಹರಡಿದ್ದೇ ತಡ, ಬೇರೆ ಬೇರೆ ಮಠದವರು ದೋಣಿ ಹತ್ತಿ ಬಂದು ಒಂದೆರಡು ದಿನದಲ್ಲಿ ಕಲ್ಲಿಗೆ ಕಲ್ಲು ಜೋಡಿಸಿ ನಿಲ್ಲಿಸಿದರು. ಹಸ್ತಪ್ರತಿಗಳು ಒಂದು ಮಾಡಲಾರದವರನ್ನು ನಿಧಿಗಳ್ಳರು ಒಂದು ಮಾಡಿದರು. ಸಂಶೋಧನಾ ಅನುದಾನ ಯಾರಿಗೆ ಕೊಡಬೇಕೆಂದು ಸರ್ಕಾರ ಯೋಚಿಸಲಿ.

ಇಂಥ ಜಗಳಕ್ಕೆ ತೀರ್ಮಾನವೇ ಇಲ್ಲವೇ ಎಂದರೆ, ಇದೇ ಆನೆಗೊಂದಿಯ ಹೆಸರಿನಲ್ಲಿ ಒಂದು ಆಗಿದೆ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ಶ್ರೀವೈಷ್ಣವರಿಂದ ನಮಗೆ ಅನ್ಯಾಯವಾಗುತ್ತಿದೆ ಎಂದು ಬುಕ್ಕರಾಯನ ಮುಂದೆ ದೂರು ಹೊತ್ತರು. ಶ್ರವಣಬೆಳಗೊಳದ ಶಾಸನ ಇದನ್ನೆಲ್ಲ ಹೇಳುತ್ತದೆ. ಬುಕ್ಕ ಸಮಿತಿ ಮಾಡಲಿಲ್ಲ. ಯಾರ ಧರ್ಮ ಮೊದಲು ಹುಟ್ಟಿತು ಎಂದು ಕೇಳಲಿಲ್ಲ. ಕೇಳಿದ್ದರೆ ಋಷಭನಾಥನಿಂದ ಶುರುವಾಗಿ ಬುಕ್ಕನ ಮೊಮ್ಮಗನ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರನ್ನೆಲ್ಲ ಕೂಡಿಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರು ಪಂಚಮಹಾವಾದ್ಯ ಬಾರಿಸಬಹುದು, ಕಲಶ ಇಟ್ಟುಕೊಳ್ಳಬಹುದು. ಜೈನರ ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಟ್ಟು, ಉಳಿದ ದುಡ್ಡಿನಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಈ ಕೆಲಸ ವಹಿಸಿಕೊಂಡವರು ಯಾರು? ತಿರುಮಲೆಯ ತಾತಯ್ಯ. ಹೌದು, ಆನೆಗೊಂದಿಯವರ ದೂರು, ತಿರುಮಲೆಯವರ ಜವಾಬ್ದಾರಿ.

ಕಾವಲಿನ ಖರ್ಚನ್ನು ಕಾವಲು ಬೇಕಾದವರ ಮೇಲೆಯೇ ಹಾಕಿದ್ದು ನ್ಯಾಯವೇ ಎಂದು ಕೇಳಬಹುದು. ಅಲ್ಲ. ಬಲ ಕಡಿಮೆ ಇದ್ದವರು ಜೇಬಿಗೂ ಕೈ ಹಾಕಬೇಕಾಯಿತು. ಆದರೆ ಬುಕ್ಕನಿಗೆ ಒಂದು ವಿಷಯ ಸ್ಪಷ್ಟವಿತ್ತು. ಜಗಳ ಇದ್ದದ್ದು ವಾದ್ಯದ ಮೇಲೆ, ಕಲಶದ ಮೇಲೆ. ಆದ್ದರಿಂದ ಅವನ ಶಾಸನ ವಾದ್ಯದ ಬಗ್ಗೆ, ಕಲಶದ ಬಗ್ಗೆ, ಸುಣ್ಣದ ಬಗ್ಗೆ ಮಾತಾಡುತ್ತದೆ. ನಾವು ಹುಂಡಿಗಾಗಿ ಬಡಿದಾಡುತ್ತಾ ಬ್ರಹ್ಮಾಂಡ ಪುರಾಣದ ಬಗ್ಗೆ ಮಾತಾಡುತ್ತೇವೆ.

ಬುಕ್ಕನಿಗಿಂತ ಹದಿನಾರು ನೂರು ವರ್ಷ ಹಿಂದಿನ ಅಶೋಕನಿಗೂ ಇದೇ ತಲೆನೋವು. ನಮ್ಮ ತಾಲೂಕಿನವರಿಗೆ ಅವನು ದೂರದವನಲ್ಲ, ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಹೆಸರು ಸಮೇತ ಕೂತಿದ್ದಾನೆ. ಅವನ ಹನ್ನೆರಡನೆಯ ಶಾಸನದ ತಿರುಳು ಇಷ್ಟೇ: ನಿನ್ನ ಪಂಥವನ್ನು ಹೊಗಳುವಾಗ, ಇನ್ನೊಬ್ಬನ ಪಂಥವನ್ನು ತೆಗಳುವಾಗ ನಾಲಿಗೆ ಹಿಡಿತದಲ್ಲಿರಲಿ, ಬೇರೆಯವರ ಮಾತನ್ನೂ ಕೇಳು. ಆ ಶಾಸನದ ಒಂದು ಪ್ರತಿ ಕರ್ನಾಟಕದಲ್ಲೇ ಇದೆ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮೆಯ ದಂಡೆಯ ಚಂದ್ರಲಾಂಬೆಯ ಗುಡಿ ಆವರಣದಲ್ಲಿ. ಸಿಕ್ಕದ್ದು ಹೇಗೆಂದರೆ, 1980ರ ದಶಕದಲ್ಲಿ ಅಲ್ಲಿನ ಕಾಳಿಯ ಗುಡಿಯ ಮಾಡು ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರಗಳು. ಯಾವುದೋ ಕಾಲದಲ್ಲಿ ಯಾರೋ ಭಕ್ತರಿಗೆ ಮೂರ್ತಿ ನಿಲ್ಲಿಸಲು ಒಳ್ಳೆಯ ಕಲ್ಲು ಬೇಕಿತ್ತು. ಶಾಸನದ ನಟ್ಟನಡುವೆ ಚೌಕವಾಗಿ ತೂತು ಕೊರೆದು, ದೇವಿಯ ಬುಡವನ್ನು ಅದರಲ್ಲಿ ಕೂಡಿಸಿದ್ದರು. ತೂತಿನ ಜಾಗದಲ್ಲಿದ್ದ ಅಕ್ಷರಗಳು ಹೋದವು.

ಆ ಚಪ್ಪಡಿಯನ್ನು ಹೊತ್ತು 2022ರಲ್ಲಿ ನಾಸಿಕದ ಧರ್ಮಸಭೆಗೆ ಒಯ್ದಿದ್ದರೆ ಯಾರೂ ಓದುತ್ತಿರಲಿಲ್ಲ ಎಂದು ಹೇಳುವುದಿಲ್ಲ. ಆದರೆ ಮೊದಲು ಅದರ ಎತ್ತರ ಅಳೆಯುತ್ತಿದ್ದರು, ಆಮೇಲೆ ಅದರ ಮೇಲೆ ಯಾರು ಕೂರಬೇಕೆಂದು ಮೈಕ್ ಎತ್ತುತ್ತಿದ್ದರು.